ಫೇಲಾದ ಕಾರು ಎಲ್ಲಿಗೆ ಹೋಗಬೇಕು?

ಬೀದರ್ ಜಿಲ್ಲೆಯ ಹುಮನಾಬಾದನ್ನು ಹಾದುಹೋಗುವ ಪುಣೆ–ಮಚಲಿಪಟ್ಟಣ ಹೆದ್ದಾರಿ ಹೈದರಾಬಾದ್ ದಾಟಿ ಕೃಷ್ಣೆಯ ಎಡದಂಡೆಗೆ ಬರುತ್ತದೆ. ಅಲ್ಲಿಂದ ವಿಜಯವಾಡದ ನಡುವೆ ಬಂದರು ರಸ್ತೆಯಾಗಿ ಸಾಗಿ ಚೆನ್ನೈ–ಕೋಲ್ಕತ್ತ ಹೆದ್ದಾರಿಗೆ ಎದುರಾಗುವ ಜಾಗವೇ ಬೆಂಜ್ ಸರ್ಕಲ್. ಹಳೆಯ ಲೆಕ್ಕದಲ್ಲಿ 9 ಮತ್ತು 5, ಈಗಿನ ಲೆಕ್ಕದಲ್ಲಿ 65 ಮತ್ತು 16ನೇ ನಂಬರಿನ ಈ ಎರಡು ರಾಷ್ಟ್ರೀಯ ಹೆದ್ದಾರಿಗಳು ಊರಿನ ಹೊಟ್ಟೆಯೊಳಗೇ ಕೂಡುತ್ತವೆ. 2020ರಲ್ಲಿ ಒಂದು, 2022ರಲ್ಲಿ ಇನ್ನೊಂದು ಮೇಲ್ಸೇತುವೆ ತೆರೆದ ಮೇಲೆ ದೂರದ ಲಾರಿಗಳು ಮೇಲೆಯೇ ದಾಟಿ ಹೋಗುತ್ತಿವೆ. ಊರಿನ ಕಾರು, ಆಟೊ, ಬಸ್ಸು, ಬೈಕುಗಳು ಕೆಳಗೆ ಸಿಗ್ನಲ್ ಬಿಡುವುದನ್ನು ಕಾಯುತ್ತ ಎಂಜಿನ್ ಆರಿಸದೆ ನಿಂತಿರುತ್ತವೆ. ಇಲ್ಲಿಂದ ಕೆಲವೇ ನಿಮಿಷದ ದಾರಿಯಲ್ಲಿ ಜವಾಹರ್ ಆಟೊನಗರವಿದೆ. ಲಾರಿಯ ಬಾಡಿ ಕಟ್ಟುವವರು, ಡೀಸೆಲ್ ಪಂಪು ಬಿಚ್ಚಿ ಕೂರಿಸುವವರು, ರೇಡಿಯೇಟರ್ ಬೆಸೆಯುವವರು, ಹಳೆಯ ಬಿಡಿಭಾಗ ಮಾರುವವರು ಎಲ್ಲರೂ ಒಂದೇ ಕಡೆ ಸಿಗುವ ಆ ಬಡಾವಣೆಗೆ ವಾಹನ ರಿಪೇರಿಯಲ್ಲಿ ದಕ್ಷಿಣ ಭಾರತದಲ್ಲೇ ದೊಡ್ಡ ಹೆಸರಿದೆ.

ಹೊಗೆ ಕೂಡಿಕೊಳ್ಳುವ ವೃತ್ತವೂ ಆ ಹೊಗೆಯ ಕಾಯಿಲೆಗೆ ಮದ್ದು ಬಲ್ಲ ಕೈಗಳೂ ಇಷ್ಟು ಹತ್ತಿರ ಇರುವ ಊರುಗಳು ಹೆಚ್ಚಿಲ್ಲ. ಎರಡರ ನಡುವೆ ಸೇತುವೆಯಾಗಬೇಕಾಗಿದ್ದುದು ಹೊಗೆ ತಪಾಸಣೆ ಕೇಂದ್ರ, ನಮ್ಮ ಮಾತಿನಲ್ಲಿ ಎಮಿಷನ್ ಟೆಸ್ಟ್. ಆದರೆ ವಿಜಯವಾಡದಲ್ಲಿರಲಿ, ಬೆಂಗಳೂರು ಹುಬ್ಬಳ್ಳಿಗಳಲ್ಲಿರಲಿ, ಅದು ಸೇತುವೆಯಾಗದೆ ಟೋಲ್ ಗೇಟಾಗಿ ಉಳಿದಿದೆ. ಗಾಡಿ ನಿಲ್ಲಿಸು, ದುಡ್ಡು ಕೊಡು, ಚೀಟಿ ತೆಗೆದುಕೊ, ಮುಂದೆ ಹೋಗು. ಹಳೆಯ ಕಾರು ಇಟ್ಟುಕೊಂಡವರು ಪರಸ್ಪರ ಕೇಳಿಕೊಳ್ಳುವ ಪ್ರಶ್ನೆಯೂ ಇದಕ್ಕೆ ತಕ್ಕಂತೆಯೇ ಇದೆ: "ಎಲ್ಲಿಗೆ ಹೋದರೆ ಪಾಸ್ ಆಗುತ್ತೆ?" ಕೇಳಬೇಕಾದದ್ದು ಬೇರೆ: ಫೇಲಾದರೆ ಎಲ್ಲಿಗೆ ಹೋಗಬೇಕು, ಏನು ತೋರಿಸಬೇಕು, ಏನು ಮಾಡಿಸಬೇಕು? ಹಳೆಯ ಕಾರನ್ನು ಪರೀಕ್ಷೆಯಲ್ಲಿ ಪಾಸು ಮಾಡಿಸುವುದು ಎಂದರೆ ಅದನ್ನು ರಿಪೇರಿ ಮಾಡಿಸುವುದು. ಈ ವ್ಯವಸ್ಥೆಯ ಅತ್ಯಂತ ಉಪಯುಕ್ತ ಕಾಗದ ಪಾಸಾದ ಸರ್ಟಿಫಿಕೇಟ್ ಅಲ್ಲ, ಫೇಲಾದ ಚೀಟಿ. ಈ ಲೇಖನದ ವಾದ ಇಷ್ಟೇ.

ಮೊದಲು ಕಾನೂನಿನ ತೂಕ ನೋಡೋಣ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 115ನೇ ನಿಯಮದಂತೆ, ನೋಂದಣಿಯಾಗಿ ಒಂದು ವರ್ಷ ಕಳೆದ ಪ್ರತಿ ವಾಹನವೂ ಹೊಗೆ ತಪಾಸಣೆಯ ಸರ್ಟಿಫಿಕೇಟ್ ಇಟ್ಟುಕೊಂಡಿರಬೇಕು. ಹಳೆಯ ಗಾಡಿಗಳಿಗೆ ಆರು ತಿಂಗಳಿಗೊಮ್ಮೆ, ಬಿಎಸ್-4 (ಭಾರತ್ ಸ್ಟೇಜ್ ಎಂಬ ಹೊಗೆ ಮಾನಕದ ನಾಲ್ಕನೇ ಹಂತ) ಮತ್ತು ನಂತರದವಕ್ಕೆ ವರ್ಷಕ್ಕೊಮ್ಮೆ ಪರೀಕ್ಷೆ. 2019ರ ತಿದ್ದುಪಡಿಯ ನಂತರ ಮಿತಿ ಮೀರಿ ಹೊಗೆಯುಗುಳುವ ಗಾಡಿ ಓಡಿಸಿದರೆ 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಸಜೆ ಅಥವಾ ಎರಡೂ, ಜೊತೆಗೆ ಲೈಸೆನ್ಸ್ ಹೊಂದಲು ಮೂರು ತಿಂಗಳು ಅನರ್ಹತೆ. 2017ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಈ ಸರ್ಟಿಫಿಕೇಟ್ ಇಲ್ಲದ ವಾಹನದ ವಿಮೆ ನವೀಕರಿಸಬಾರದು ಎಂದಿತ್ತು. ಹಾಗೆ ಮಾಡಿದರೆ ಅಪಘಾತದಲ್ಲಿ ನೊಂದವರಿಗೆ ಪರಿಹಾರವೇ ಸಿಗದ ಅಪಾಯವಿದೆ ಎಂದು ತೋರಿದ ಮೇಲೆ 2024ರ ಜುಲೈನಲ್ಲಿ ಆ ಷರತ್ತನ್ನು ತೆಗೆದುಹಾಕಿತು. 2025ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ, ಸರ್ಟಿಫಿಕೇಟ್ ಇಲ್ಲದ ಗಾಡಿಗೆ ಬಂಕಿನಲ್ಲಿ ಎಣ್ಣೆಯನ್ನೇ ಹಾಕಬಾರದೆಂಬ ಆದೇಶ ಹೊರಟಿತು. ಇವೆಲ್ಲವೂ ಕಾಗದದ ತೂಕವನ್ನು ಹೆಚ್ಚಿಸಿದವು. ಕಾಗದದ ಹಿಂದಿರುವ ಪರೀಕ್ಷೆಯ ತೂಕ ಅದರ ಜೊತೆಗೆ ಏರಲಿಲ್ಲ. ಶಿಕ್ಷೆ ದೊಡ್ಡದಾಗಿ ಪರೀಕ್ಷೆ ಸಡಿಲವಾಗಿದ್ದಲ್ಲಿ ಸುಳ್ಳು ಕಾಗದಕ್ಕೆ ಬೇಡಿಕೆ ಹುಟ್ಟುವುದು ಸಹಜ.

ಇದು ಬರಿಯ ಊಹೆಯಲ್ಲ. ದೆಹಲಿಯ ವಾಹನ ಮಾಲಿನ್ಯದ ಬಗ್ಗೆ ಮಹಾಲೇಖಪಾಲರ ವರದಿ 2025ರ ಏಪ್ರಿಲ್‌ನಲ್ಲಿ ಅಲ್ಲಿನ ವಿಧಾನಸಭೆಯ ಮುಂದೆ ಬಂತು. 2015ರಿಂದ 2020ರವರೆಗಿನ ಐದು ವರ್ಷಗಳ ದಾಖಲೆಗಳಲ್ಲಿ ಸುಮಾರು 1.08 ಲಕ್ಷ ಪೆಟ್ರೋಲ್, ಗ್ಯಾಸ್ ವಾಹನಗಳಿಗೆ, ಯಂತ್ರವೇ ಮಿತಿ ಮೀರಿದ ಅಂಕಿ ತೋರಿಸಿದ್ದರೂ, ಪಾಸ್ ಸರ್ಟಿಫಿಕೇಟ್ ಕೊಡಲಾಗಿತ್ತು. ಒಂದೇ ಕೇಂದ್ರದಲ್ಲಿ ಒಂದೇ ಹೊತ್ತಿಗೆ ಒಂದಕ್ಕಿಂತ ಹೆಚ್ಚು ಗಾಡಿ ಪರೀಕ್ಷಿಸಿದಂತೆ ತೋರಿಸಿದ 7,643 ಪ್ರಕರಣಗಳಿದ್ದವು. ಪರೀಕ್ಷೆಗೂ ಸರ್ಟಿಫಿಕೇಟಿಗೂ ನಡುವೆ ಒಂದೇ ನಿಮಿಷವಿದ್ದ ಪ್ರಕರಣಗಳು 76,865. ದೇಶದಲ್ಲಿ ಅತಿ ಹೆಚ್ಚು ಕಣ್ಗಾವಲಿರುವ ನಗರದ ಸ್ಥಿತಿ ಇದು. ತಪ್ಪನ್ನು ಕೇಂದ್ರ ನಡೆಸುವವರ ಮೇಲಷ್ಟೇ ಹೊರಿಸಿದರೆ ಅರ್ಧ ಸತ್ಯವಾದೀತು. ಒಂದು ಕಾರಿನ ಪರೀಕ್ಷೆಗೆ ನೂರು–ನೂರೈವತ್ತು ರೂಪಾಯಿಯ ಆಸುಪಾಸು ಪಡೆಯುವ ಸಣ್ಣ ಅಂಗಡಿಯವನು ಗಿರಾಕಿಯನ್ನು ಫೇಲು ಮಾಡಿದರೆ ಆ ಗಿರಾಕಿ ಮುಂದಿನ ಬಂಕಿನ ಬದಿಯ ವ್ಯಾನಿಗೆ ಹೋಗುತ್ತಾನೆ. ಫೇಲು ಮಾಡುವುದರಲ್ಲಿ ಅಂಗಡಿಯವನಿಗೂ ಲಾಭವಿಲ್ಲ, ಫೇಲಾದದ್ದನ್ನು ಒಪ್ಪಿಕೊಳ್ಳುವುದರಲ್ಲಿ ಮಾಲೀಕನಿಗೂ ಲಾಭವಿಲ್ಲ. ಹೀಗಿರುವಾಗ ಪ್ರಾಮಾಣಿಕತೆಯನ್ನು ಉಪದೇಶದಿಂದ ತರಲು ಸಾಧ್ಯವಿಲ್ಲ.

ಇನ್ನು ಪರೀಕ್ಷೆಯ ಒಳಗೆ ಹೋಗೋಣ. ಹಳೆಯ ಕಾರಿಗೂ ಹೊಸ ಕಾರಿಗೂ ಒಂದೇ ಗೆರೆ ಎಂದು ಅನೇಕರು ತಿಳಿದಿದ್ದಾರೆ. ಅದು ತಪ್ಪು. ಗೆರೆ ಕಾರು ಹುಟ್ಟಿದ ಕಾಲಕ್ಕೆ ತಕ್ಕಂತೆ ಇದೆ. ಬಿಎಸ್-2ಕ್ಕಿಂತ ಹಿಂದಿನ ಪೆಟ್ರೋಲ್ ಕಾರು ನಿಂತಲ್ಲಿ ಓಡುವಾಗ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇ 3ರವರೆಗೆ, ಉರಿಯದೆ ಉಳಿದ ಹೈಡ್ರೋಕಾರ್ಬನ್ ಹತ್ತು ಲಕ್ಷಕ್ಕೆ 1,500 ಪಾಲಿನವರೆಗೆ ಇರಬಹುದು. ಬಿಎಸ್-2 ಮತ್ತು ಬಿಎಸ್-3 ಕಾರುಗಳಿಗೆ ಇದು ಶೇ 0.5 ಮತ್ತು 750. ಬಿಎಸ್-4ರಿಂದ ಈಚಿನವಕ್ಕೆ ಶೇ 0.3 ಮತ್ತು 200. ಇವಕ್ಕೆ ಜೊತೆಗೆ ಎಂಜಿನನ್ನು ನಿಮಿಷಕ್ಕೆ ಸುಮಾರು 2,500 ಸುತ್ತಿಗೆ ಏರಿಸಿ ಇನ್ನೊಂದು ಅಳತೆ. ಕಾರು ಯಾವ ಗೆರೆಯಡಿ ಬರುತ್ತದೆ ಎಂಬುದನ್ನು ಅದು ಮಾರಾಟವಾದ ಊರೂ ನಿರ್ಧರಿಸಿರಬಹುದು. 2010ರ ಏಪ್ರಿಲ್‌ನಲ್ಲಿ ಬಿಎಸ್-4 ಮೊದಲು ಬಂದದ್ದು 13 ನಗರಗಳಿಗೆ. ಬೆಂಗಳೂರು, ಹೈದರಾಬಾದ್, ಸೊಲ್ಲಾಪುರ ಆ ಪಟ್ಟಿಯಲ್ಲಿದ್ದವು; ವಿಜಯವಾಡವಾಗಲಿ ಹುಬ್ಬಳ್ಳಿಯಾಗಲಿ ಇರಲಿಲ್ಲ. ಹೀಗಾಗಿ ಮಾರುತಿ 800 ಕಾರು ಬೆಂಗಳೂರಿನ ಷೋರೂಮುಗಳಿಂದ ಕಣ್ಮರೆಯಾದ ಮೇಲೂ ಬೇರೆ ಊರುಗಳಲ್ಲಿ ಮಾರಾಟವಾಗುತ್ತಲೇ ಇತ್ತು. ಅದರ ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ದೇಶಕ್ಕೆಲ್ಲ ಬಿಎಸ್-4 ಕಡ್ಡಾಯವಾದದ್ದು 2017ರಲ್ಲಿ, ಬಿಎಸ್-6 ಬಂದದ್ದು 2020ರಲ್ಲಿ. ಆದ್ದರಿಂದ ಹಳೆಯ ಕಾರಿನ ಮಾಲೀಕರು ಬಾನೆಟ್ ಎತ್ತುವ ಮೊದಲು ಆರ್‌ಸಿಯಲ್ಲಿ ತಮ್ಮ ಕಾರಿಗೆ ಯಾವ ಮಾನಕ ನಮೂದಾಗಿದೆ ಎಂದು ನೋಡಿಕೊಳ್ಳಬೇಕು. ಅಲ್ಲಿಯೇ ತಪ್ಪಾಗಿದ್ದರೆ ಬಿಎಸ್-3 ಕಾರನ್ನು ಬಿಎಸ್-4ರ ತಕ್ಕಡಿಯಲ್ಲಿ ತೂಗಿದಂತಾಗುತ್ತದೆ, ಮತ್ತು ಎಷ್ಟು ರಿಪೇರಿ ಮಾಡಿಸಿದರೂ ಅದು ಸೋಲಬಹುದು.

ಎಂಜಿನ್ ಮಾಡುವ ಕೆಲಸ ಅಡುಗೆಮನೆಯ ಒಲೆಯದೇ. ಪೆಟ್ರೋಲಿನ ಒಂದು ಪಾಲು ಪೂರ್ತಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಗಾಳಿ ಕಡಿಮೆಯಾಗಿ ಪೆಟ್ರೋಲ್ ಹೆಚ್ಚಾದರೆ, ಮೆಕ್ಯಾನಿಕ್‌ಗಳು ಹೇಳುವಂತೆ "ಮಿಕ್ಸ್‌ಚರ್ ರಿಚ್" ಆದರೆ, ಇಂಗಾಲ ಅರ್ಧ ಉರಿದು ಕಾರ್ಬನ್ ಮೊನಾಕ್ಸೈಡ್ ಆಗಿ ಹೊರಬೀಳುತ್ತದೆ. ಕಿಡಿಯೇ ಹತ್ತದಿದ್ದರೆ, ಅಂದರೆ ಎಂಜಿನ್ "ಮಿಸ್ಸಿಂಗ್" ಹೊಡೆಯುತ್ತಿದ್ದರೆ, ಪೆಟ್ರೋಲ್ ಹಸಿಯಾಗಿಯೇ ಹೈಡ್ರೋಕಾರ್ಬನ್ ರೂಪದಲ್ಲಿ ಹೊರಗೆ ಬರುತ್ತದೆ. ಚೀಟಿಯ ಮೇಲಿನ ಎರಡು ಅಂಕಿಗಳು ಎರಡು ಬೇರೆ ರೋಗಗಳ ಸುಳಿವು. ಮೊನಾಕ್ಸೈಡ್ ಏರಿ ಹೈಡ್ರೋಕಾರ್ಬನ್ ಹದದಲ್ಲಿದ್ದರೆ ಕಣ್ಣು ಮೊದಲು ಹೋಗಬೇಕಾದದ್ದು ಏರ್ ಫಿಲ್ಟರ್ ಕಡೆಗೆ, ಆಮೇಲೆ ಕಾರ್ಬೊರೇಟರ್ ಇರುವ ಕಾರಾದರೆ ಚೋಕ್ ಅಂಟಿಕೊಂಡಿದೆಯೇ, ಫ್ಲೋಟ್ ಮಟ್ಟ ಮೇಲಿದೆಯೇ ಎನ್ನುವ ಕಡೆಗೆ. ಇಂಜೆಕ್ಷನ್ ಕಾರಾದರೆ ಎಂಜಿನ್ ಬಿಸಿಯಾಗಿದ್ದರೂ "ಇನ್ನೂ ತಣ್ಣಗಿದೆ" ಎಂದು ಸುಳ್ಳು ಹೇಳುವ ಟೆಂಪರೇಚರ್ ಸೆನ್ಸರ್, ಮಂದವಾದ ಆಕ್ಸಿಜನ್ ಸೆನ್ಸರ್, ತೊಟ್ಟಿಕ್ಕುವ ಇಂಜೆಕ್ಟರ್ ಇವುಗಳಲ್ಲಿ ಒಂದು ಕಾರಣವಿರಬಹುದು. ಹೈಡ್ರೋಕಾರ್ಬನ್ ಒಂದೇ ಏರಿದ್ದರೆ ಸ್ಪಾರ್ಕ್ ಪ್ಲಗ್, ಪ್ಲಗ್ ವೈರು, ಟ್ಯಾಪೆಟ್ ಅಂತರ, ಎಲ್ಲೋ ಸೀಳಿದ ವ್ಯಾಕ್ಯೂಮ್ ಪೈಪು, ಕೊನೆಗೆ ಕಂಪ್ರೆಷನ್ ಪರೀಕ್ಷೆ. ಎರಡೂ ಏರಿದ್ದು ಮಿಕ್ಸ್‌ಚರ್ ಸರಿಯಿದ್ದರೆ ಕ್ಯಾಟಲಿಟಿಕ್ ಕನ್ವರ್ಟರ್ ದಣಿದಿದೆ ಎಂದರ್ಥ, ಅಥವಾ ಹಿಂದಿನ ಮಾಲೀಕನ ಕಾಲದಲ್ಲಿ ಯಾರೋ ಅದರ ಒಳಗಿನ ಜೇನುಗೂಡನ್ನೇ ಕಿತ್ತು ಖಾಲಿ ಡಬ್ಬಿ ಉಳಿಸಿದ್ದಾರೆ. ಬಿಎಸ್-4 ಕಾರಿನಲ್ಲಿ ಲ್ಯಾಂಬ್ಡಾ ಎಂಬ ಅಂಕಿ 1.03 ದಾಟಿದ್ದರೆ ಎಲ್ಲೋ ಹೆಚ್ಚುವರಿ ಗಾಳಿ ಸೇರುತ್ತಿದೆ. ತೂತು ಬಿದ್ದ ಸೈಲೆನ್ಸರ್ ಕೂಡ ಅದಕ್ಕೆ ಕಾರಣವಾಗಬಹುದು. ಹಿಂದಿನಿಂದ ನೀಲಿ ಹೊಗೆ ಕಂಡರೆ ಎಂಜಿನ್ ಆಯಿಲ್ ಉರಿಯುತ್ತಿದೆ: ರಿಂಗ್ ಅಥವಾ ವಾಲ್ವ್ ಸೀಲ್. ಗ್ಯಾಸ್ ಕಿಟ್ ಹಾಕಿಸಿದ ಕಾರಿನಲ್ಲಿ ಟ್ಯಾಪೆಟ್ ಅಂತರ ಬೇಗ ಕುಗ್ಗುತ್ತದೆ. ಅದನ್ನು ಹಾಗೇ ಬಿಟ್ಟರೆ ವಾಲ್ವ್ ಸುಟ್ಟು ಕಂಪ್ರೆಷನ್ ಇಳಿಯುತ್ತದೆ. ಇದರಲ್ಲಿ ಯಾವುದೂ ಗುಟ್ಟಲ್ಲ. ಆಟೊನಗರದಲ್ಲಾಗಲಿ ನಮ್ಮ ಹೆದ್ದಾರಿ ಬದಿಯ ಊರುಗಳಲ್ಲಾಗಲಿ ಹತ್ತು ವರ್ಷ ಕೈ ಮಸಿ ಮಾಡಿಕೊಂಡವರಿಗೆ ಗೊತ್ತಿರುವ ವಿದ್ಯೆ. ಅವರಿಗೆ ಬೇಕಿರುವುದು ಆ ಎರಡು ಅಂಕಿಗಳು ಮಾತ್ರ.

ಬೆಂಜ್ ಸರ್ಕಲ್‌ನಂಥ ಜಾಗದ ಹವಾಮಾನಕ್ಕೂ ಇದರಲ್ಲಿ ಪಾಲಿದೆ. ಬೇಸಿಗೆಯಲ್ಲಿ ಬೆಂಕಿಯೂರು ಎಂದೇ ಹೆಸರಾದ ವಿಜಯವಾಡದ ಕಾದ ಗಾಳಿ ತೆಳುವಾಗಿರುತ್ತದೆ. ಅದೇ ಗಾತ್ರದ ಗಾಳಿಯಲ್ಲಿ ಆಮ್ಲಜನಕ ಕಡಿಮೆ, ಆದ್ದರಿಂದ ಚಳಿಗಾಲದಲ್ಲಿ ಹದ ಮಾಡಿದ ಕಾರ್ಬೊರೇಟರ್ ಮೇ ತಿಂಗಳಲ್ಲಿ ರಿಚ್ ಆಗುತ್ತದೆ. ಕಲಬುರಗಿ, ರಾಯಚೂರು, ಬಳ್ಳಾರಿಯ ಹಳೆಯ ಕಾರುಗಳಿಗೂ ಈ ಮಾತು ಅನ್ವಯ. ಎಥೆನಾಲ್ ಬೆರೆಸಿದ ಪೆಟ್ರೋಲ್ ತನ್ನೊಳಗೇ ಒಂದಿಷ್ಟು ಆಮ್ಲಜನಕ ಹೊತ್ತು ತರುವುದರಿಂದ ಇದಕ್ಕೆ ಉಲ್ಟಾ ದಿಕ್ಕಿನಲ್ಲಿ, ಅಂದರೆ ಲೀನ್ ಕಡೆಗೆ, ಎಳೆಯುತ್ತದೆ. ಆದರೆ ಹಳೆಯ ರಬ್ಬರ್ ಪೈಪುಗಳಿಗೆ ಅದು ಒಗ್ಗುವುದಿಲ್ಲವಾದ್ದರಿಂದ ಪೈಪು ಬದಲಿಸದಿದ್ದರೆ ಸೋರಿಕೆಯಾಗಬಹುದು. ಪರೀಕ್ಷೆಯ ದಿನ ಎಂಜಿನ್ ಚೆನ್ನಾಗಿ ಬಿಸಿಯಾಗಿರಬೇಕು. ಕನ್ವರ್ಟರ್ ಕೆಲಸಕ್ಕೆ ಇಳಿಯಲು ಸುಮಾರು 250–300 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಮನೆಯ ಪಕ್ಕದ ಬಂಕಿಗೆ ಎರಡು ನಿಮಿಷ ಓಡಿಸಿ ನಿಲ್ಲಿಸಿದರೆ ಸಾಲದು. ಇಪ್ಪತ್ತು ನಿಮಿಷ ರಸ್ತೆಯಲ್ಲಿ ಓಡಿಸಿ, ಎಸಿ ಆರಿಸಿ, ಸಾಲಿನಲ್ಲಿ ಹೆಚ್ಚು ಹೊತ್ತು ಕಾಯದೆ ಪರೀಕ್ಷೆಗೆ ಒಡ್ಡಬೇಕು. ಇದು ಮೋಸವಲ್ಲವೇ ಎಂದು ಕೇಳುವವರಿದ್ದಾರೆ. ಅಲ್ಲ. ಬಿಸಿ ಎಂಜಿನ್ ಮೇಲೆ ಅಳೆಯಬೇಕೆಂಬುದು ಪರೀಕ್ಷೆಯ ವಿಧಾನದಲ್ಲೇ ಇದೆ. ಜ್ವರ ನೋಡುವ ಮೊದಲು ಬಿಸಿ ಕಾಫಿ ಕುಡಿಯಬೇಡಿ ಎಂದು ಡಾಕ್ಟರು ಹೇಳುವಷ್ಟೇ ಸರಳ ವಿಷಯವಿದು. ಮೋಸ ಬೇರೆ ಥರದ್ದು: ಪರೀಕ್ಷೆಯ ದಿನ ಸ್ಕ್ರೂ ತಿರುಗಿಸಿ ಪೆಟ್ರೋಲ್ ಕಟ್ಟಿ, ಸರ್ಟಿಫಿಕೇಟ್ ಬಂದ ಮೇಲೆ ಪಿಕಪ್ ಇಲ್ಲವೆಂದು ಮತ್ತೆ ತಿರುಗಿಸುವುದು. ಇಲ್ಲಿ ರಸಾಯನಶಾಸ್ತ್ರವೇ ಅಡ್ಡ ಬರುತ್ತದೆ. ಪೆಟ್ರೋಲ್ ಕಟ್ಟಿದಷ್ಟೂ ಮೊನಾಕ್ಸೈಡ್ ಇಳಿಯುತ್ತದೆ, ನಿಜ. ಆದರೆ ಒಂದು ಹಂತ ದಾಟಿದರೆ ಕಿಡಿಗೆ ಸಿಗುವಷ್ಟು ಇಂಧನವೇ ಇಲ್ಲದೆ ಎಂಜಿನ್ ಮಿಸ್ ಹೊಡೆದು ಹೈಡ್ರೋಕಾರ್ಬನ್ ಜಿಗಿಯುತ್ತದೆ. ಎರಡು ಅಂಕಿಗಳನ್ನು ಒಟ್ಟಿಗೆ ಅಳೆಯುವುದರ ಅರ್ಥವೇ ಅದು. ಪ್ರಾಮಾಣಿಕವಾಗಿ ಅಳೆದರೆ ಈ ಪರೀಕ್ಷೆಯನ್ನು ವಂಚಿಸುವುದಕ್ಕಿಂತ ಒಂದು ಸೆಟ್ ಪ್ಲಗ್ ಬದಲಿಸುವುದು ಸುಲಭ.

ಡೀಸೆಲ್ ಕಾರಿನ ಪರೀಕ್ಷೆ ಬೇರೆ. ಅಲ್ಲಿ ಅನಿಲವನ್ನಲ್ಲ, ಹೊಗೆ ಎಷ್ಟು ಬೆಳಕನ್ನು ತಡೆಯುತ್ತದೆ ಎಂಬುದನ್ನು ಅಳೆಯುತ್ತಾರೆ. ಎಂಜಿನ್ ಆಯಿಲ್ ಕನಿಷ್ಠ 60 ಡಿಗ್ರಿಗೆ ಬಿಸಿಯಾದ ಮೇಲೆ, ಗೇರ್ ಇಲ್ಲದೆ ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಬಿಡುವುದನ್ನು ಹಲವು ಸಲ ಮಾಡಿ ಸರಾಸರಿ ತೆಗೆಯಬೇಕು. ಹಾರ್ಟ್‌ರಿಜ್ ಎಂಬ ಹೊಗೆಯ ಮಾನದಲ್ಲಿ ಬಿಎಸ್-4ಕ್ಕೆ ಹಿಂದಿನ ಡೀಸೆಲ್ ಗಾಡಿಗೆ ಮಿತಿ 65, ಬಿಎಸ್-4ಕ್ಕೆ 50. ಕಪ್ಪು ಹೊಗೆ ಎಂದರೆ ಡೀಸೆಲ್ ಹೆಚ್ಚು ಅಥವಾ ಗಾಳಿ ಕಡಿಮೆ: ಕಟ್ಟಿದ ಏರ್ ಫಿಲ್ಟರ್, ಸಣ್ಣಗೆ ಸಿಂಪಡಿಸುವ ಬದಲು ಧಾರೆ ಬಿಡುವ ನಾಝಲ್, ಟೈಮಿಂಗ್ ತಪ್ಪಿದ ಪಂಪು, ಟರ್ಬೊ ಪೈಪಿನ ಸೀಳು, ಮಸಿ ಕಟ್ಟಿ ತೆರೆದೇ ಉಳಿದ ಇಜಿಆರ್ ವಾಲ್ವ್. ಊರೊಳಗೆ ಎರಡನೇ ಗೇರಿನಲ್ಲೇ ಬದುಕುವ ಡೀಸೆಲ್ ಕಾರಿನ ಸೈಲೆನ್ಸರ್‌ನಲ್ಲಿ ತಿಂಗಳುಗಟ್ಟಲೆ ಮಸಿ ಕೂತಿರುತ್ತದೆ, ಮೊದಲ ಒತ್ತಿಗೆ ಅದೇ ಹೊರಗೆ ಹಾರುತ್ತದೆ. ಪರೀಕ್ಷೆಗೆ ಮುಂಚೆ ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿಸುವುದು ಇದಕ್ಕೇ. ಒಂದು ಎಚ್ಚರಿಕೆ: ಟೈಮಿಂಗ್ ಬೆಲ್ಟಿನ ಆಯಸ್ಸು ಮುಗಿದಿರುವ ಹಳೆಯ ಎಂಜಿನ್ನನ್ನು ಹೀಗೆ ಪೂರ್ತಿ ಒತ್ತಿದರೆ ಬೆಲ್ಟು ತುಂಡಾಗಿ ವಾಲ್ವುಗಳೇ ಬಾಗಬಹುದು. ಬೆಲ್ಟ್ ಯಾವಾಗ ಬದಲಿಸಿದ್ದೆಂದು ಗೊತ್ತಿಲ್ಲದ ಕಾರನ್ನು ಪರೀಕ್ಷೆಗೆ ಒಡ್ಡುವ ಮೊದಲು ಗ್ಯಾರೇಜಿಗೆ ಒಯ್ಯುವುದು ಒಳ್ಳೆಯದು. ಈ ಭಯದಿಂದಲೇ ಅರ್ಧ ಒತ್ತಿ ಅಳೆಯುವ ರೂಢಿಯಾದರೆ ಪರೀಕ್ಷೆಗೆ ಅರ್ಥವೇ ಉಳಿಯುವುದಿಲ್ಲ.

ಈಗ ಆ ಚೀಟಿಯ ವಿಷಯ. 2021ರ ಜೂನ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ದೇಶಕ್ಕೆಲ್ಲ ಒಂದೇ ನಮೂನೆಯ, ಕ್ಯುಆರ್ ಕೋಡ್ ಇರುವ ಸರ್ಟಿಫಿಕೇಟ್ ತಂದು ಅದನ್ನು ವಾಹನ್ ದತ್ತಾಂಶಕ್ಕೆ ಜೋಡಿಸಿತು. ಸುದ್ದಿಯಾದದ್ದು ಅಷ್ಟೇ. ಅದೇ ಅಧಿಸೂಚನೆಯಲ್ಲಿ ಮೊದಲ ಬಾರಿಗೆ ಇನ್ನೊಂದು ಕಾಗದ ಹುಟ್ಟಿತ್ತು: ತಿರಸ್ಕಾರ ಚೀಟಿ. ಅಳತೆ ಮಿತಿ ಮೀರಿದರೆ ತಪಾಸಣೆ ಕೇಂದ್ರದವರು ಮಾಲೀಕನಿಗೆ ಒಂದೇ ನಮೂನೆಯ ಈ ಚೀಟಿ ಕೊಡಬೇಕು. ಅದನ್ನು ಸರ್ವಿಸ್ ಸೆಂಟರಿಗೆ ತೋರಿಸಿ ರಿಪೇರಿ ಮಾಡಿಸಬಹುದು, ಅಥವಾ ಯಂತ್ರವೇ ಕೆಟ್ಟಿದೆ ಎನಿಸಿದರೆ ಇನ್ನೊಂದು ಕೇಂದ್ರದಲ್ಲಿ ಮತ್ತೆ ಪರೀಕ್ಷಿಸಿಕೊಳ್ಳಬಹುದು ಎಂದು ಸರ್ಕಾರವೇ ಹೇಳಿತು. ಇಡೀ ವ್ಯವಸ್ಥೆಯಲ್ಲಿ ನಾಗರಿಕನನ್ನು ಅಪರಾಧಿಯಂತೆ ನೋಡದ ಒಂದೇ ಕಾಗದ ಇದು. ರಕ್ತ ಪರೀಕ್ಷೆಯ ವರದಿಯ ಹಾಗೆ: ಸಕ್ಕರೆ ಹೆಚ್ಚಿದೆ ಎಂದು ಬರೆದ ವರದಿಯನ್ನು ಯಾರೂ ಹರಿದೆಸೆದು ಇನ್ನೊಂದು ಲ್ಯಾಬಿಗೆ ಹೋಗಿ "ಕಡಿಮೆ ಬರೆದುಕೊಡಿ" ಎನ್ನುವುದಿಲ್ಲ. ಆದರೆ ಹೊಗೆಯ ವಿಷಯದಲ್ಲಿ ನಾವು ಮಾಡುತ್ತಿರುವುದು ಅದನ್ನೇ. ಎರಡೂ ಪರೀಕ್ಷೆಗಳಿಗೆ ಇರುವ ವ್ಯತ್ಯಾಸವೆಂದರೆ ಸಕ್ಕರೆ ಏರಿದರೆ ಸಂಕಟ ನಮಗೆ, ಹೊಗೆ ಏರಿದರೆ ಸಿಗ್ನಲ್ಲಿನಲ್ಲಿ ಪಕ್ಕ ನಿಂತ ಬೈಕಿನವರಿಗೆ, ಮುಂದೆ ಕೂತ ಅವರ ಮಗುವಿಗೆ.

ಇದಕ್ಕೆ ಮೊದಲ ಆಕ್ಷೇಪ: ಹಳೆಯ ಕಾರು ಹಳೆಯ ಕಾರೇ, ಎಷ್ಟು ತೇಪೆ ಹಾಕಿದರೂ ಗುಜರಿಗೆ ಹೋಗಬೇಕಾದದ್ದು. ಇದರಲ್ಲಿ ಒಂದು ಪಾಲು ನಿಜವಿದೆ. ಬಿಎಸ್-2, ಬಿಎಸ್-3 ಡೀಸೆಲ್ ಕಾರು ಎಷ್ಟೇ ಅಚ್ಚುಕಟ್ಟಾಗಿದ್ದರೂ ಮಸಿ ಹಿಡಿಯುವ ಫಿಲ್ಟರ್ ಇರುವ ಬಿಎಸ್-6 ಕಾರಿನಷ್ಟು ಶುದ್ಧವಾಗುವುದಿಲ್ಲ. ಜನದಟ್ಟಣೆಯ ನಗರದೊಳಗೆ ಅಂಥವನ್ನು ಕ್ರಮೇಣ ಕಡಿಮೆ ಮಾಡುವುದು ನ್ಯಾಯವೇ. ಆದರೆ ವಯಸ್ಸೊಂದನ್ನೇ ಅಳತೆಗೋಲು ಮಾಡಿಕೊಂಡರೆ ಗುರಿ ತಪ್ಪುತ್ತದೆ. 1980ರ ದಶಕದ ಕೊನೆಯಲ್ಲಿ ಅಮೆರಿಕದ ಡೆನ್ವರ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಡೊನಾಲ್ಡ್ ಸ್ಟೆಡ್‌ಮನ್ ರಸ್ತೆಗೆ ಅಡ್ಡಲಾಗಿ ಅತಿಗೆಂಪು ಕಿರಣ ಹಾಯಿಸಿ, ಓಡುವ ಕಾರುಗಳ ಹೊಗೆಯನ್ನು ಅಳೆಯುವ ಉಪಕರಣ ಮಾಡಿದರು. ಅವರ ತಂಡ ಕಂಡುಕೊಂಡ ಸಂಗತಿ ಇಂದಿಗೂ ಮುಖ್ಯ: ಕಾರ್ಬನ್ ಮೊನಾಕ್ಸೈಡ್‌ನ ಸುಮಾರು ಅರ್ಧಪಾಲು ಹತ್ತರಲ್ಲಿ ಒಂದು ಕಾರಿನಷ್ಟು ಸಣ್ಣ ಗುಂಪಿನಿಂದ ಬರುತ್ತಿತ್ತು. ಆ ಗುಂಪಿನಲ್ಲಿ ಹಳೆಯ ಕಾರುಗಳು ಹೆಚ್ಚಿದ್ದವು, ಆದರೆ ಹಳೆಯ ಕಾರುಗಳೆಲ್ಲ ಆ ಗುಂಪಿನಲ್ಲಿ ಇರಲಿಲ್ಲ. ಚೆನ್ನಾಗಿ ನೋಡಿಕೊಂಡ ಹಳೆಯ ಕಾರು ಹಾಳುಬಿಟ್ಟ ಹೊಸತಕ್ಕಿಂತ ಶುದ್ಧವಾಗಿರುತ್ತಿತ್ತು. ನಮ್ಮ ನ್ಯಾಯಾಲಯದ ನಡೆಯೂ ಇದೇ ದಿಕ್ಕಿನಲ್ಲಿದೆ. ದೆಹಲಿ ವಲಯದಲ್ಲಿ ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ಗಾಡಿಗಳನ್ನು ರಸ್ತೆಯಿಂದ ಇಳಿಸಬೇಕೆಂಬ ಹಸಿರು ಪೀಠದ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿತ್ತು. 2025ರ ಆಗಸ್ಟ್‌ನಲ್ಲಿ ವಯಸ್ಸಿನ ಕಾರಣಕ್ಕಷ್ಟೇ ಬಲವಂತದ ಕ್ರಮ ಬೇಡವೆಂದಿತು. ಡಿಸೆಂಬರಿನಲ್ಲಿ ಆ ರಕ್ಷಣೆಯನ್ನು ಬಿಎಸ್-4 ಮತ್ತು ಮೇಲಿನವಕ್ಕೆ ಸೀಮಿತಗೊಳಿಸಿತು. ಅಂದರೆ ಹುಟ್ಟಿದ ವರ್ಷದಿಂದ ತಾಂತ್ರಿಕ ಮಾನಕದ ಕಡೆಗೆ ಒಂದು ಹೆಜ್ಜೆ. ಮಾನಕದಿಂದ ಆ ಗಾಡಿಯ ಇಂದಿನ ಸ್ಥಿತಿಯ ಕಡೆಗೆ ಇನ್ನೊಂದು ಹೆಜ್ಜೆ ಬಾಕಿ ಇದೆ. ಆ ಹೆಜ್ಜೆಗೆ ಬೇಕಾದ ಸಾಧನ ನಂಬಬಹುದಾದ ಪರೀಕ್ಷೆಯೇ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ: ಈ ಪರೀಕ್ಷೆ ನೈಟ್ರೋಜನ್ ಆಕ್ಸೈಡ್ ಅಳೆಯುವುದಿಲ್ಲ, ಎದೆಗೂಡಿನ ಆಳಕ್ಕಿಳಿಯುವ ಸೂಕ್ಷ್ಮ ಕಣಗಳನ್ನು ಅಳೆಯುವುದಿಲ್ಲ, ನಿಂತ ಕಾರನ್ನು ಅಳೆದು ಓಡುವ ಕಾರಿನ ಬಗ್ಗೆ ಮಾತಾಡುತ್ತದೆ. ಹೌದು. ಇದನ್ನು ಒಪ್ಪಲೇಬೇಕು, ಮತ್ತು ರಸ್ತೆಬದಿಯಲ್ಲಿ ಓಡುವ ಗಾಡಿಗಳನ್ನು ಅಳೆಯುವ ಉಪಕರಣಗಳು ಬೆಂಜ್ ಸರ್ಕಲ್‌ನಂಥ ಕೂಡುದಾರಿಗಳಿಗೆ ಬರಲೇಬೇಕು. ಆದರೆ ಕೈಯಲ್ಲಿರುವ ಪರೀಕ್ಷೆ ಎಲ್ಲವನ್ನೂ ಅಳೆಯುವುದಿಲ್ಲ ಎನ್ನುವುದು ಅದು ಅಳೆಯುವುದನ್ನು ಕಡೆಗಣಿಸಲು ಕಾರಣವಲ್ಲ. ಕಟ್ಟಿದ ಫಿಲ್ಟರ್, ಸತ್ತ ಸೆನ್ಸರ್, ಧಾರೆ ಬಿಡುವ ನಾಝಲ್ ಇವು ಮೊನಾಕ್ಸೈಡನ್ನೋ ಮಸಿಯನ್ನೋ ಏರಿಸುವುದರ ಜೊತೆಗೆ ಇಂಧನವನ್ನೂ ತಿನ್ನುತ್ತವೆ. ಥರ್ಮಾಮೀಟರ್ ರೋಗದ ಹೆಸರು ಹೇಳುವುದಿಲ್ಲ. ಆದರೂ ಯಾವ ಡಾಕ್ಟರೂ ಅದನ್ನು ಬಿಸಾಡಿಲ್ಲ.

ಲಾರಿ, ಬಸ್ಸು, ರಸ್ತೆ ಧೂಳು ಇರುವಾಗ ಯಾರದೋ ಹಳೆಯ ಮಾರುತಿಯ ಹಿಂದೆ ಏಕೆ ಬೀಳಬೇಕು ಎನ್ನುವವರೂ ಇದ್ದಾರೆ. ವಿಜಯವಾಡ, ವಿಶಾಖಪಟ್ಟಣ, ಗುಂಟೂರುಗಳಂತೆಯೇ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ–ಧಾರವಾಡ, ಕಲಬುರಗಿ ಕೂಡ 2019ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿವೆ. ಆ ಕಾರ್ಯಕ್ರಮದ ಹಣ ಎಲ್ಲಿ ಹೋಯಿತೆಂದು ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2024ರಲ್ಲಿ ಲೆಕ್ಕ ಹಾಕಿದಾಗ ಶೇ 64ರಷ್ಟು ರಸ್ತೆ ಧೂಳಿಗೆ, ಶೇ 13ಕ್ಕೂ ಕಡಿಮೆ ವಾಹನಗಳ ಹೊಗೆಗೆ ಖರ್ಚಾಗಿತ್ತು. ನೀರು ಚಿಮುಕಿಸುವುದು, ಗುಡಿಸುವ ಯಂತ್ರ ಕೊಳ್ಳುವುದು ಕಣ್ಣಿಗೆ ಕಾಣುವ ಕೆಲಸ, ಟೆಂಡರಿಗೂ ಅನುಕೂಲ. ಹೊಗೆಯ ಕಡೆಗೆ ಹೆಚ್ಚು ಹಣ ಹೋಗಬೇಕೆಂದರೆ ಕಾರಷ್ಟೇ ಅಲ್ಲ, ಲಾರಿಗೂ ಸಿಟಿ ಬಸ್ಸಿಗೂ ಅದೇ ಚೀಟಿ, ಅದೇ ಗ್ಯಾರೇಜು, ಅದೇ ಮರುಪರೀಕ್ಷೆ ಅನ್ವಯವಾಗಬೇಕು.

ಉಳಿದದ್ದು ಖರ್ಚಿನ ಪ್ರಶ್ನೆ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಹದಿನೈದು ವರ್ಷದ ಕಾರನ್ನು ಇಟ್ಟುಕೊಂಡಿರುವವರಲ್ಲಿ ಬಹುಪಾಲು ಜನ ಹವ್ಯಾಸಕ್ಕಾಗಿ ಇಟ್ಟುಕೊಂಡವರಲ್ಲ; ಹೊಸದು ಕೊಳ್ಳಲಾಗದ್ದಕ್ಕೆ ಇಟ್ಟುಕೊಂಡವರು. ಅವರಿಂದ ಸರ್ಕಾರ ಈಗಾಗಲೇ ವಸೂಲಿ ಮಾಡುತ್ತಿದೆ. ಹದಿನೈದು ವರ್ಷದ ಕಾರಿನ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲ್‌ನಿಂದ 600 ರೂಪಾಯಿಯಿಂದ 5,000ಕ್ಕೆ ಏರಿತು. ಇಪ್ಪತ್ತು ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಲ್ಲಿ 10,000 ಆಯಿತು. ಕರ್ನಾಟಕದಲ್ಲೂ ಆಂಧ್ರದಲ್ಲೂ ಇದರ ಮೇಲೆ ಹಸಿರು ತೆರಿಗೆಯೂ ಇದೆ. ಆದರೆ ಈ ಹಣದಲ್ಲಿ ಒಂದು ರೂಪಾಯಿಯೂ ಮಾಲೀಕನ ಕಾರಿನ ಹೊಗೆ ಕಡಿಮೆ ಮಾಡಲೆಂದು ಅವನಿಗೆ ಮರಳುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 1984ರಿಂದ ಹೊಗೆ ತಪಾಸಣೆ ಕಡ್ಡಾಯ, ನಮಗಿಂತ ಬಹಳ ಕಟ್ಟುನಿಟ್ಟು. ಆದರೆ ಅಲ್ಲಿ ಕಡಿಮೆ ವರಮಾನದವರ ಕಾರು ಫೇಲಾದರೆ, ಹೊಗೆಗೆ ಸಂಬಂಧಿಸಿದ ರಿಪೇರಿಗೆ ರಾಜ್ಯದ ವಾಹನ ರಿಪೇರಿ ಇಲಾಖೆಯೇ ಹಣದ ನೆರವು ಕೊಡುತ್ತದೆ. ಬೇಡವೆಂದವರಿಗೆ ಕಾರನ್ನು ಗುಜರಿಗೆ ಹಾಕಲು ಹಣ ಕೊಡುತ್ತದೆ. ಹೆದರಿಕೆಯ ಜೊತೆಗೆ ಕೈಹಿಡಿಯುವ ವ್ಯವಸ್ಥೆಯೂ ಇದ್ದರೆ ಮಾತ್ರ ಫೇಲಾದವನು ಚೀಟಿಯನ್ನು ಮುಚ್ಚಿಡುವುದಿಲ್ಲ. ನಮ್ಮಲ್ಲಿ ಇದಕ್ಕೆ ಹೊಸ ಇಲಾಖೆಯೇ ಬೇಕಿಲ್ಲ. ತಿರಸ್ಕಾರ ಚೀಟಿ ತಂದವನಿಗೆ ಒಂದು ತಿಂಗಳು ದಂಡವಿಲ್ಲ, ಗ್ಯಾರೇಜಿನ ರಿಪೇರಿ ಬಿಲ್ಲಿನೊಂದಿಗೆ ಬಂದರೆ ಮರುಪರೀಕ್ಷೆ ಉಚಿತ, ಕಟ್ಟಿದ ಹಸಿರು ತೆರಿಗೆಯಿಂದ ಬಿಲ್ಲಿನ ಒಂದು ಪಾಲು ಮರಳಿ ಎಂದು ಎರಡು ರಾಜ್ಯಗಳು ಒಂದೊಂದು ಆದೇಶ ಹೊರಡಿಸಿದರೆ ಸಾಕು. ತಪಾಸಣೆ ಕೇಂದ್ರದವನಿಗೂ ಚೀಟಿಗೆ ಇಷ್ಟೆಂದು ಶುಲ್ಕ ಸಿಗುವಂತಿರಬೇಕು. ಫೇಲು ಮಾಡುವುದು ನಷ್ಟದ ಕೆಲಸವಾಗಿರುವ ತನಕ ಯಾರೂ ಫೇಲು ಮಾಡುವುದಿಲ್ಲ.

ನಮೂನೆ ದೇಶಕ್ಕೆಲ್ಲ ಒಂದೇ ಆಗಿರುವುದರಿಂದ ಮೇಲ್ಸೇತುವೆಯ ಕೆಳಗೆ ಬೆಂಜ್ ಸರ್ಕಲ್‌ನಲ್ಲಿ ಫೇಲಾದ ಕೆಎ ನಂಬರಿನ ಕಾರಿನ ಚೀಟಿಯನ್ನು ಆಟೊನಗರದ ಮೆಕ್ಯಾನಿಕ್ ಓದಬಲ್ಲ, ಅದೇ ಹೆದ್ದಾರಿಯಲ್ಲಿ ವಾಪಸು ಬಂದರೆ ಹುಮನಾಬಾದಿನ ಗ್ಯಾರೇಜಿನವನೂ ಓದಬಲ್ಲ. ಮೊನಾಕ್ಸೈಡ್ ಶೇ 1.4, ಹೈಡ್ರೋಕಾರ್ಬನ್ 310 ಎಂದು ಬರೆದಿದ್ದರೆ ಅವನು ಪ್ಲಗ್ ಮುಟ್ಟುವ ಮೊದಲು ಏರ್ ಫಿಲ್ಟರ್ ಬಿಚ್ಚುತ್ತಾನೆ.